ತಂಪು ಮಾಡಿದ ಗಾಯ

ಪೆತ್ರೊನೆಲಾಳ ಗಂಟಲು ಬಲು ದೊಡ್ಡದು. ದ್ವೀಪದೂರು ವಟುಗೆತೆಯ ಗುಡ್ಡದ ಮೇಲೆ ನಿಂತು ಅವಳು ಒಮ್ಮೆ ಕೂಗಿದರೆ ಕೆಳಗಿನ ಕೇರಿಯಲ್ಲಿ ಕೊಬ್ಬರಿ ಒಣಹಾಕುತ್ತಿದ್ದವರು ಕೈ ನಿಲ್ಲಿಸಿ ತಲೆ ಎತ್ತುತ್ತಿದ್ದರು. ಆ ಗಂಟಲನ್ನು ನೋಡಿಯೇ ಸರ್ಕಾರಿ ಆಸ್ಪತ್ರೆಯವರು ಅವಳನ್ನು ಊರಿನ ಆರೋಗ್ಯ ಕಾರ್ಯಕರ್ತೆ ಮಾಡಿದ್ದು, ಓದನ್ನು ನೋಡಿ ಅಲ್ಲ. ಗಂಡ ಮೀನಿಗೆ ಹೋದವನು ಸಮುದ್ರದಿಂದ ವಾಪಸು ಬಂದಿರಲಿಲ್ಲ. ಮಕ್ಕಳಿರಲಿಲ್ಲ. ತನ್ನವನು ಅಂತ ಇದ್ದವನು ತಮ್ಮ ಗೋರಿಸ್ ಒಬ್ಬನೇ. ಅವನನ್ನು ಹೆತ್ತ ವಾರದಲ್ಲೇ ತಾಯಿ ಕಣ್ಣು ಮುಚ್ಚಿದ್ದಳು. ಆಗಿನ್ನೂ ಲಂಗ ಸರಿಯಾಗಿ ಕಟ್ಟಿಕೊಳ್ಳಲು ಬಾರದ ಹುಡುಗಿ ನೆಲಾ, ಗಂಜಿಯ ತಿಳಿ ಕುಡಿಸಿ, ಕೇರಿಯ ಬಾಣಂತಿಯರ ಕೈಕಾಲು ಹಿಡಿದು ಹಾಲು ಬೇಡಿ ಅವನನ್ನು ಉಳಿಸಿಕೊಂಡಳು. ಊರವರಿಗೆ ಅವನು ನೆಲಕ್ಕನ ತಮ್ಮನಲ್ಲ, ನೆಲಕ್ಕನ ಮಗ.

ಆ ಮಗನಿಗೆ ಹುಲಿಯಂಥ ಮೈಕಟ್ಟು, ಆದರೆ ಸೂಜಿ ಕಂಡರೆ ಜೀವ ಹೋಗುತ್ತಿತ್ತು. ಶಾಲೆಗೆ ಲಸಿಕೆಯವರು ಬಂದ ದಿನ ಹಲಸಿನ ಮರ ಹತ್ತಿ ಕೂತವನನ್ನು ಇಳಿಸಲು ನೆಲಾ ಕೆಳಗೆ ಕೋಲು ಹಿಡಿದು ಸಂಜೆಯವರೆಗೆ ನಿಂತಿದ್ದಳು. ಲಸಿಕೆಯವರು ಹೋದ ಮೇಲೆ ಅವನೇ ಇಳಿದು ಬಂದ. ಅವಳಿಗೆ ಹೊಡೆಯಲು ಮನಸ್ಸಾಗಲಿಲ್ಲ. ಮುಂದೆ ಅವನು ದೋಣಿ ಕಟ್ಟುವ ಬಡಗಿಯಾದ ಮೇಲೂ ಊರಿನ ಹೆಂಗಸರು ಆ ಹಲಸಿನ ಮರದ ಕಥೆ ಎತ್ತಿ ಅವನನ್ನು ರೇಗಿಸುವುದನ್ನು ಬಿಡಲಿಲ್ಲ.

ತಿಂಗಳಿಗೊಮ್ಮೆ ಚರ್ಚಿನ ಅಂಗಳದಲ್ಲಿ ಕೂಸುಗಳ ತೂಕ ನಡೆಯುತ್ತಿತ್ತು. ನೆಲಾ ಬಟ್ಟೆಯ ಜೋಲಿಯಲ್ಲಿ ಕೂಸನ್ನು ತೂಗುಹಾಕಿ, ಮುಳ್ಳು ನೋಡಿ, ತಾಯಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. "ಏನೇ, ಮಗೂಗೆ ಊಟ ಹಾಕ್ತೀಯೋ, ಇಲ್ಲಾ ಬರೀ ಮುದ್ದು ಮಾಡ್ತೀಯೋ?" ತೂಕ ಮುಗಿದ ಮೇಲೆ ಚಿತ್ರದ ಪಟ ಬಿಚ್ಚುತ್ತಿದ್ದಳು. ಅದರಲ್ಲಿ ನಾಲಿಗೆ ಜೋತುಬಿದ್ದು ಜೊಲ್ಲು ಸುರಿಸುವ ಹುಚ್ಚು ನಾಯಿ.

"ನಾಯಿ ಕಚ್ಚಿದ ತಕ್ಷಣ ಏನ್ ಮಾಡ್ಬೇಕು? ಹರಿಯೋ ನೀರಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೀಬೇಕು. ಆಮೇಲೆ ಆಸ್ಪತ್ರೆಗೆ ಓಡ್ಬೇಕು, ಸೂಜಿ ಹಾಕಿಸ್ಕೋಬೇಕು. ನಾಯೀನ ಕೊಲ್ಲಬಾರ್ದು, ಕಟ್ಟಿಹಾಕಿ ನೋಡ್ತಾ ಇರ್ಬೇಕು. ಸತ್ತೇ ಹೋದ್ರೆ ಅದರ ತಲೆ ನಂಗೆ ತಂದುಕೊಡಿ, ಪರೀಕ್ಷೆಗೆ ಕಳಿಸ್ತಾರೆ."

"ತಲೆ ನಿಂಗೆ ಕೊಟ್ಟುಬಿಟ್ರೆ ಸಾರಿಗೆ ಏನ್ ಹಾಕೋದು ಅಕ್ಕಾ?" ಅಂತ ಹಿಂದೆ ಕೂತ ಗಂಡಸರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ನಿನ್ ತಲೆ ಹಾಕು. ಒಳಗೇನೂ ಇಲ್ಲ, ಬೇಗ ಬೇಯುತ್ತೆ."

ಎಲ್ಲರೂ ನಗುತ್ತಿದ್ದರು. ನಗುತ್ತ ಕೇಳಿದ್ದು ತಲೆಗೆ ಇಳಿಯುತ್ತದೆ ಅಂತ ನೆಲಾಳ ನಂಬಿಕೆ. ಆದರೆ ತರಬೇತಿಯ ದಿನ ನರ್ಸ್ ಹೆರ್ಮಿನಾ ದನಿ ತಗ್ಗಿಸಿ ಹೇಳಿದ ಒಂದು ಮಾತನ್ನು ಮಾತ್ರ ಅವಳು ಯಾವತ್ತೂ ಅಂಗಳದಲ್ಲಿ ಆಡಲಿಲ್ಲ. "ನಾಯಿ ಕಚ್ಚಿ ವಾಸಿಯಾದ ಗಾಯ ಮತ್ತೆ ಜುಮ್ಮೆನ್ನೋಕೆ, ತುರಿಸೋಕೆ ಶುರುವಾಯ್ತು, ನೀರು ಕಂಡ್ರೆ, ಗಾಳಿ ಬಡಿದ್ರೆ ಗಂಟಲು ಸೆಟೆಯೋಕೆ ಶುರುವಾಯ್ತು ಅಂದ್ರೆ ನಮ್ ಕೈಲಿ ಏನೂ ಇಲ್ಲ ನೆಲಕ್ಕ. ಆಗ ನನ್ನ ಕರೀಬೇಡಿ, ಪಾದ್ರಿಗಳನ್ನ ಕರೀರಿ." ಆ ಮಾತಿಗೆ ಪಟದಲ್ಲಿ ಚಿತ್ರವೂ ಇರಲಿಲ್ಲ.

ಆ ಗುಡ್ಡದ ಕಡೆ ನಾಯಿ ಕಚ್ಚುವುದೆಂದರೆ ಆಸ್ಪತ್ರೆಯ ವಿಷಯವಲ್ಲ, ಎರಡು ಮನೆಗಳ ವಿಷಯ. ನಾಯಿಯ ಒಡೆಯ ತಾನೇ ಅದನ್ನು ಕೊಂದು ಬೇಯಿಸಬೇಕು. ಕಚ್ಚಿಸಿಕೊಂಡವನ ಮನೆಯವರೂ ಕಚ್ಚಿದ ನಾಯಿಯ ಮನೆಯವರೂ ಒಂದೇ ಚಾಪೆಯಲ್ಲಿ ಕೂತು ಉಣ್ಣಬೇಕು. ಆಮೇಲೆ ಹಿರಿಯರೊಬ್ಬರು ಎಲೆಯ ಗೊಂಚಲನ್ನು ನೀರಿಗದ್ದಿ ಗಾಯದ ಮೇಲೂ ಎಲ್ಲರ ತಲೆಯ ಮೇಲೂ ಚಿಮುಕಿಸಿ "ತಂಪಾಯಿತು" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಮತ್ತೆ ಆ ಕಡಿತದ ಮಾತೆತ್ತಿದವರ ಮನೆಗೇ ಕೇಡು ತಿರುಗಿ ಬರುತ್ತದೆ. ಈ ಪದ್ಧತಿಯನ್ನು ಹಳಿಯುವುದು ಸುಲಭ. ಆದರೆ ಮಾತಿಗೆ ಮೊದಲು ಮಚ್ಚು ಎತ್ತುವ ಜನರ ನಡುವೆ ಅದು ಎಷ್ಟೋ ಹೆಣ ಬೀಳುವುದನ್ನು ತಪ್ಪಿಸಿದೆ. ಮನುಷ್ಯರ ನಡುವಿನ ಈ ಒಪ್ಪಂದ ರೋಗಕ್ಕೆ ಗೊತ್ತಿಲ್ಲ, ಅಷ್ಟೇ.

ಗೋರಿಸನಿಗೆ ಹೆಣ್ಣು ನೋಡಿದ್ದು ಕೆಳಗಿನ ಕೇರಿಯ ಮೋಅನ್ ಸೆವೆರಿನುಸರ ಮನೆಯಲ್ಲಿ. ಊರಲ್ಲಿ ಹಿರಿಯ ಗಂಡಸರನ್ನೆಲ್ಲ ಮೋಅನ್ ಅನ್ನುತ್ತಾರೆ. ಸೆವೆರಿನುಸರಂತೂ ಆ ಮಾತಿಲ್ಲದೆ ಕರೆದರೆ ತಿರುಗಿಯೂ ನೋಡುವವರಲ್ಲ. ಮಗಳು ತ್ರುಡಿಸ್ ಮಗ್ಗದ ಮುಂದೆ ಕೂತರೆ ಎದ್ದೇಳುವುದೇ ಇಲ್ಲ, ಮಾತು ಕಡಿಮೆ, ನಗು ಜಾಸ್ತಿ. ಹೆಣ್ಣಿನ ಮನೆಗೆ ಕೊಡುವ ತೆರದ ಮಾತುಕತೆ ವರ್ಷಗಟ್ಟಲೆ ಎಳೆಯಿತು. ಕುದುರೆ ಸಾಲದು ಅಂದರು, ಆನೆದಂತ ಚಿಕ್ಕದು ಅಂದರು. ಕೊನೆಗೆ ನೆಲಾ ಅಜ್ಜನ ಕಾಲದಿಂದ ಅಟ್ಟದ ಮೇಲಿದ್ದ ದೊಡ್ಡ ದಂತವನ್ನು ಇಳಿಸಿಕೊಟ್ಟಾಗ ಸೆವೆರಿನುಸರ ಮುಖ ಸಡಿಲಾಯಿತು. ತಮ್ಮನ ಮದುವೆ ನೋಡಿ ಸಾಯಬೇಕು ಅನ್ನುವುದೊಂದೇ ಅವಳಿಗೆ ಉಳಿದಿದ್ದ ಆಸೆ.

ಮಾತು ಗಟ್ಟಿಯಾದ ವಾರವೇ ಗೋರಿಸ್ ಮಾವನ ಮನೆಯ ಜಂತಿ ರಿಪೇರಿಗೆ ಅಂತ ಹೋದ. ಸಂಜೆ ಬಂದಾಗ ಬಲ ಮುಂಗೈಗೆ ಜಜ್ಜಿದ ಸೊಪ್ಪು ಕಟ್ಟಿಕೊಂಡಿದ್ದ.

"ಏನೋ ಅದು?"

"ಏನಿಲ್ಲ ಬಿಡಕ್ಕ. ಅವರ ಮನೆ ಬೆಲಾಂಗ್ ಕಚ್ಚಿತು."

ಬೆಲಾಂಗ್ ಎಂದರೆ ಸೆವೆರಿನುಸರ ಮಚ್ಚೆಮಚ್ಚೆಯ ನಾಯಿ. ತೋಟಕ್ಕೆ ಕೋತಿ ಬಿಡದೆ ಕಾಯುತ್ತಿದ್ದ ಸಾಧು ಪ್ರಾಣಿ.

"ಬೆಲಾಂಗಾ? ಅದು ಕಚ್ಚೋ ನಾಯಿ ಅಲ್ವಲ್ಲೋ! ಏನ್ ಮಾಡ್ದೆ ನೀನು?"

"ನಾನೇನ್ ಮಾಡ್ಲಿ? ಸುಮ್ನೆ ಮೂಲೇಲಿ ಮಲಗಿತ್ತು, ಹತ್ರ ಹೋದ್ರೆ ಎಗರಿಬಂತು. ಮಾವ ಅಲ್ಲೇ ದೊಣ್ಣೇಲಿ ಹೊಡೆದು ಸಾಯಿಸಿದ್ರು. ನಾಳೆ ಊಟ. ನೀನೂ ಬರ್ಬೇಕಂತೆ, ನಮ್ ಮನೆ ಹಿರೀಳು ನೀನೇ ಅಲ್ವಾ."

ನೆಲಾ ಅವನನ್ನು ಎಳೆದುಕೊಂಡು ಹೋಗಿ ಸೊಪ್ಪು ಕಿತ್ತೆಸೆದು ಸೋಪು ಹಚ್ಚಿ ಉಜ್ಜಿದಳು. ಅಷ್ಟು ಹೊತ್ತಿಗೆ ತಡವಾಗಿತ್ತು ಅನ್ನುವುದು ಅವಳಿಗೆ ಗೊತ್ತಿತ್ತು. "ಬೆಳಿಗ್ಗೆ ಮೊದ್ಲು ಹೆರ್ಮಿನಾ ಹತ್ರ ಹೋಗೋಣ" ಅಂದಳು.

"ಹೋದ್ರೆ ಬರ್ಕೋತಾರೆ. ಬರ್ಕೊಂಡ್ರೆ ಜೀಪಲ್ಲಿ ಬಂದು ಮಾವನ ಮನೆ ಬಾಕಿ ನಾಯಿಗಳನ್ನೂ ಹಿಡ್ಕೊಂಡು ಹೋಗ್ತಾರೆ. ತಂಪು ಮಾಡೋಕೆ ಕರೆದವರ ಮನೆಗೆ ಸರ್ಕಾರ ಕಳಿಸಿದ ಹಾಗಾಗುತ್ತೆ. ಆಮೇಲೆ ಈ ಮದುವೆ ಕಥೆ ಮುಗೀತು ಅಕ್ಕ, ನಿಂಗೇ ಗೊತ್ತು." ಒದ್ದೆ ಮುಂಗೈಯನ್ನು ಒರೆಸಿಕೊಳ್ಳುತ್ತ ಸೇರಿಸಿದ: "ಆಮೇಲೆ ಆ ಸೂಜಿ ಬೇರೆ."

ಸೂಜಿಯ ಮಾತಿಗೆ ಅವಳು ನಕ್ಕಳು. ನಗಬಾರದಿತ್ತು. ನಗು ಬಂದಕೂಡಲೇ ಮನಸ್ಸು ಮೆತ್ತಗಾಯಿತು. ಬೆಲಾಂಗ್ ಒಳ್ಳೆಯ ನಾಯಿ, ಬಿಸಿಲಿಗೆ ಸಿಟ್ಟು ಬಂದಿರಬೇಕು ಅಂತ ತನಗೆ ತಾನೇ ಹೇಳಿಕೊಂಡಳು. ಊರಿಗೆಲ್ಲ ಪಟ ಹಿಡಿದು ಹೇಳಿದ ಹೆಂಗಸು ಮನೆಯ ಗೋಡೆಗೆ ಒರಗಿಸಿದ್ದ ಅದೇ ಪಟದ ಕಡೆ ಆ ಸಂಜೆ ನೋಡಲಿಲ್ಲ.

ಮರುದಿನ ಸೆವೆರಿನುಸರ ಅಂಗಳದಲ್ಲಿ ಚಾಪೆ ಹಾಸಿದ್ದರು. ಮೆಣಸು, ಶುಂಠಿ ಹಾಕಿ ಬೇಯಿಸಿದ ಮಾಂಸ, ಜೋಳದ ಅನ್ನ, ತಾಳೆ ಹೆಂಡ. ಪಾತ್ರೆಯೊಳಗೆ ತಲೆಯೂ ಇತ್ತು. ತಂದುಕೊಡಿ ಅಂತ ವರ್ಷಗಟ್ಟಲೆ ಅವಳು ಗೋಗರೆದದ್ದು ಆ ತಲೆಯನ್ನೇ. ತ್ರುಡಿಸ್ ಬಡಿಸುತ್ತ ಬಂದಾಗ ಸ್ವಲ್ಪ ಕುಂಟುತ್ತಿದ್ದಳು.

"ಏನಮ್ಮಾ ಕಾಲಿಗೆ?"

"ಮಗ್ಗದ ಹಲಗೆ ಬಿತ್ತು ಅಕ್ಕ."

ನೆಲಾ ತನ್ನ ಪಾಲು ಉಂಡಳು. ಕೇರಿಯ ಮುದುಕರು ಎಲೆಯ ಗೊಂಚಲಿನಿಂದ ನೀರು ಚಿಮುಕಿಸಿದರು. ಹನಿಗಳು ಗೋರಿಸನ ಮುಂಗೈಯ ಮೇಲೆ ಬಿದ್ದು ಜಾರಿದವು. "ತಂಪಾಯಿತು" ಅಂದರು. "ತಂಪಾಯಿತು" ಅಂತ ಅವಳೂ ಅಂದಳು. ಬಾಯಿಗೆ ಬೀಗ ಬಿತ್ತು.

ಗಾಯ ಚೆನ್ನಾಗಿಯೇ ಒಣಗಿತು. ಗೋರಿಸ್ ಉಳಿ ಹಿಡಿದು ದೋಣಿಯ ಕೆಲಸಕ್ಕೆ ಹೋದ. ನೆಲಾ ಪ್ರತಿ ಬೆಳಿಗ್ಗೆ ಕಾಫಿ ಕೊಡುವ ನೆಪದಲ್ಲಿ ಅವನ ಮುಂಗೈ ನೋಡುತ್ತಿದ್ದಳು. ಕಲೆ ತೆಳುವಾಗುತ್ತ ಬಂತು. ದೇವರು ದೊಡ್ಡವನು ಅಂದುಕೊಂಡಳು. ಆದರೂ ಹೊಲದ ಕಡೆ ಯಾವುದಾದರೂ ನಾಯಿ ಊಳಿಟ್ಟರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು.

ಮದುವೆಗೆ ಹದಿನೈದು ದಿನವಿರುವಾಗ ಜಾವಾದ ವಿಶ್ವವಿದ್ಯಾಲಯದಿಂದ ಒಬ್ಬ ಡಾಕ್ಟರ್ ಬಂದಳು. ಹೆಸರು ನಸ್ತಿತಿ. ನಾಯಿ ಕಚ್ಚಿಸಿಕೊಂಡವರು ಸೂಜಿಗೆ ಯಾಕೆ ಬರುವುದಿಲ್ಲ ಅನ್ನುವುದೇ ಅವಳ ಸಂಶೋಧನೆ. ಸಣ್ಣ ವಯಸ್ಸು, ಮೆದು ಮಾತು, ಗುಡ್ಡ ಹತ್ತಿ ಸುಸ್ತಾದರೂ ಕೊಟ್ಟ ಎಲೆ ಅಡಿಕೆಯನ್ನು ಬೇಡ ಅನ್ನದೆ ಜಗಿದು ಮುಖ ಹುಳ್ಳಗೆ ಮಾಡಿಕೊಂಡಳು. ನೆಲಾಳಿಗೆ ಹುಡುಗಿ ಹಿಡಿಸಿದಳು. ಮನೆಯ ಜಗುಲಿಯಲ್ಲಿ ಕೂರಿಸಿ ಬಾಳೆಹಣ್ಣು ಕರಿದು ಕೊಟ್ಟಳು.

"ಜನ ಯಾಕೆ ಮುಚ್ಚಿಡ್ತಾರೆ ಅಕ್ಕ?"

ನೆಲಾ ಸೊಗಸಾಗಿ ವಿವರಿಸಿದಳು. ದಾರಿ ದೂರ, ಕೆಲಸ ಕೆಡುತ್ತದೆ, ಸೂಜಿಯ ಭಯ, ನಾಯಿಯ ಒಡೆಯನ ಜತೆ ಮನಸ್ತಾಪ. ತಂಪು ಮಾಡುವ ಪದ್ಧತಿಯನ್ನೂ ಹೇಳಿದಳು. ಹುಡುಗಿಯ ಕಣ್ಣು ಅರಳಿತು.

"ಅಂದ್ರೆ ತಂಪು ಮಾಡಿದ ಮೇಲೆ ನಿಮ್ಮಂಥವರ ಹತ್ರನೂ ಹೇಳಲ್ವಾ?"

"ಬೇರೆ ಊರಲ್ಲಿ ಹೇಳಲ್ಲಮ್ಮಾ. ನನ್ನ ಊರಲ್ಲಿ ನಾನಿದ್ದೀನಲ್ಲ. ಇಲ್ಲಿ ಅಂಥದ್ದು ಒಂದೂ ಇಲ್ಲ."

ಹೇಳುವಾಗ ಒಳಗೆ ಗೋರಿಸ್ ಸೀಟಿ ಹೊಡೆಯುತ್ತ ಮದುವೆಯ ಮಂಚಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ನಸ್ತಿತಿ ನಿಟ್ಟುಸಿರು ಬಿಟ್ಟಳು. "ಎಲ್ಲಾ ಊರಲ್ಲೂ ನಿಮ್ಮಂಥವರು ಇದ್ದಿದ್ರೆ! ಒಂದು ವಿಷಯ ಮಾತ್ರ ಎಲ್ಲರಿಗೂ ಹೇಳಿ ಅಕ್ಕ. ಕಚ್ಚಿ ತಿಂಗಳು ಎರಡು ತಿಂಗಳು ಆಗಿದ್ರೂ ಬರಲಿ. ಲಕ್ಷಣ ಕಾಣೋವರೆಗೂ ತಡ ಆಗಿಲ್ಲ ಅಂತಲೇ ಲೆಕ್ಕ. ಕಂಡ ಮೇಲೆ ಮಾತ್ರ..." ಅವಳು ಮಾತು ಮುಗಿಸಲಿಲ್ಲ. ನೆಲಾಳಿಗೆ ಮುಗಿಸಬೇಕಾಗಿಯೂ ಇರಲಿಲ್ಲ.

ಡಾಕ್ಟರಮ್ಮನನ್ನು ಕೆಳಗಿನ ರಸ್ತೆವರೆಗೆ ಬಿಟ್ಟು ನೆಲಾ ಓಡುವ ಹಾಗೆ ಗುಡ್ಡ ಹತ್ತಿದಳು. ಇನ್ನೂ ತಡವಾಗಿಲ್ಲ! ಈಗಲೇ ಇವನ ಕಿವಿ ಹಿಡಿದು ಎಳೆದುಕೊಂಡು ಹೋಗಬೇಕು. ಮನೆಗೆ ಬಂದರೆ ಅಂಗಳದಲ್ಲಿ ಸೆವೆರಿನುಸ್ ಕೂತಿದ್ದರು. ಮದುವೆಯ ಹಂದಿಗಳ ಮಾತಾಡಲು ಬಂದಿದ್ದರು. ಅಳಿಯನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದರು. ಅಷ್ಟು ವರ್ಷ ಬಿಗಿದುಕೊಂಡಿದ್ದ ಮನುಷ್ಯ ಹಾಗೆ ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ಅವರ ಮುಂದೆ ಬಾಯಿ ಬಿಡುವುದು ಹೇಗೆ? ಮದುವೆ ಮುಗಿದ ಮಾರನೇ ದಿನವೇ ಕರೆದುಕೊಂಡು ಹೋಗುತ್ತೇನೆ ಅಂತ ತೀರ್ಮಾನಿಸಿದಳು. ಒಳ್ಳೆಯ ತೀರ್ಮಾನ ಮಾಡಿದವಳಂತೆ ಆ ದಿನ ಹೊಟ್ಟೆ ತುಂಬ ಊಟವನ್ನೂ ಮಾಡಿದಳು.

ಮದುವೆಗೆ ಇನ್ನು ಎರಡು ದಿನ ಇರುವಾಗ ಗೋರಿಸ್ ಊಟಕ್ಕೆ ಕೂತವನು ಬಲ ಮುಂಗೈಯನ್ನು ಕಂಬಕ್ಕೆ ಉಜ್ಜುತ್ತಿದ್ದ.

"ಏನೋ?"

"ಇರುವೆ ಹರಿದಂಗೆ ಆಗ್ತಿದೆ. ಮರದ ಹುಡಿ ಇರ್ಬೇಕು."

"ಸೊಳ್ಳೆ ಕಚ್ಚಿರುತ್ತೆ" ಅಂದಳು ನೆಲಾ. ಬಾಯಿಯಿಂದ ಅಷ್ಟು ಬೇಗ ಬಂದ ಮಾತಿಗೆ ಅವಳೇ ಬೆಚ್ಚಿದಳು. ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. ಅವಳ ಬೆರಳಿನಡಿ ಕಲೆ ಬಿಸಿಯಾಗಿತ್ತು. ಅವನು ಅನ್ನ ಬಿಟ್ಟು ಎದ್ದ. ಗಂಟಲು ಯಾಕೋ ಹಿಡಿದಿದೆ, ಮದುವೆಯ ಗಾಬರಿ ಅಂತ ನಕ್ಕ. ಅವನ ಎಂಜಲು ತಟ್ಟೆಯನ್ನು ಮುಂದಿಟ್ಟುಕೊಂಡು ನೆಲಾ ಬಹಳ ಹೊತ್ತು ಕೂತಳು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಮಾರನೇ ದಿನವೆಲ್ಲ ಅಕ್ಕಿ ಆರಿಸಿದಳು, ಹಂದಿಗೆ ಮೇವು ಹಾಕಿದಳು, ಸುಮ್ಮಸುಮ್ಮನೆ ಎಲ್ಲರನ್ನೂ ಬೈದಳು. ತಾನು ಹೆದರದೆ ಇದ್ದರೆ ಅದು ನಿಜವಾಗುವುದಿಲ್ಲ ಅನ್ನುವ ಹುಚ್ಚು ಅವಳನ್ನು ಹಿಡಿದಿತ್ತು.

ಮದುವೆಯ ದಿನ ಬೆಳಿಗ್ಗೆ ಚರ್ಚಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಗೋರಿಸನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಪಾದ್ರಿ ಕೇಳಿದ್ದಕ್ಕೆಲ್ಲ ಗೊಗ್ಗರು ದನಿಯಲ್ಲಿ ಉತ್ತರ ಕೊಟ್ಟ. ಮಧ್ಯಾಹ್ನ ಸೆವೆರಿನುಸರ ಅಂಗಳಕ್ಕೆ ಗಂಡಿನ ಕಡೆಯವರು ಡೋಲು ಬಡಿಯುತ್ತ ಬಂದರು. ಹೊಸಬರನ್ನು ಮನೆಯೊಳಗೆ ಬಿಟ್ಟುಕೊಳ್ಳುವಾಗ ನೀರು ಚಿಮುಕಿಸುವುದು ರೂಢಿ. ಅದೇ ಮುದುಕರು ಅದೇ ಎಲೆಯ ಗೊಂಚಲನ್ನು ನೀರಿಗದ್ದಿ ಎತ್ತಿದರು.

ಹನಿ ಮುಖಕ್ಕೆ ಬಿದ್ದದ್ದೇ ತಡ, ಗೋರಿಸನ ಕತ್ತು ಹಿಂದಕ್ಕೆ ಸೆಟೆಯಿತು. ಗಂಟಲು ಎಳೆದುಕೊಂಡು ಉಸಿರು ಸಿಕ್ಕಿಹಾಕಿಕೊಂಡ ಸದ್ದು ಬಂತು. ಎರಡೂ ಕೈ ಅಡ್ಡ ಹಿಡಿದು ಹಿಂದೆ ಹಿಂದೆ ಸರಿದ.

"ನೋಡ್ರಪ್ಪಾ, ಸ್ನಾನಕ್ಕೆ ಹೆದರೋ ಮದುಮಗ!" ಅಂತ ಯಾರೋ ಕೂಗಿದರು. ಅಂಗಳವೆಲ್ಲ ನಗೆಯಲ್ಲಿ ಮುಳುಗಿತು. ಗೋರಿಸನೂ ನಗಲು ನೋಡಿದ. ಮುದುಕರು ಇನ್ನೊಮ್ಮೆ ಗೊಂಚಲು ಎತ್ತಿದರು.

"ನಿಲ್ಸಿ!"

ಆ ದೊಡ್ಡ ಗಂಟಲು ಇಷ್ಟು ದಿನದ ಮೇಲೆ ತೆರೆದಿತ್ತು. ಡೋಲು ನಿಂತಿತು. ನೆಲಾ ಅಂಗಳದ ನಡುವೆ ಬಂದಳು. ತಮ್ಮನ ಕಡೆ ನೋಡಿದರೆ ಮಾತು ಹೊರಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಅದಕ್ಕೆ ನೋಡಲಿಲ್ಲ. ಸೆವೆರಿನುಸರ ಎದುರು ನಿಂತಳು.

"ಮೋಅನ್, ಬೆಲಾಂಗ್ ಇನ್ಯಾರಿಗೆ ಕಚ್ಚಿತ್ತು?"

ಸೆವೆರಿನುಸರ ಮುಖ ಕಪ್ಪಿಟ್ಟಿತು. "ಏನ್ ಮಾತಾಡ್ತಿದ್ದೀಯ ನೆಲಾ? ತಂಪು ಮಾಡಿದ್ದನ್ನ ಕೆದಕ್ತೀಯಾ? ಮದುವೆ ಅಂಗಳದಲ್ಲಿ? ನಿನ್ನ ಮನೆಗೇ ಕೇಡು ಬರುತ್ತೆ!"

"ಬಂದಾಗಿದೆ ಮೋಅನ್. ನನ್ನ ಮನೆಗೆ ಬಂದು ಕೂತಾಗಿದೆ." ಅವಳ ದನಿ ಒಡೆಯಿತು, ಆದರೆ ತಗ್ಗಲಿಲ್ಲ. "ನಿಮ್ಮ ಮನೆಗೂ ಬರಬಾರ್ದು ಅಂತ ಕೇಳ್ತಿದ್ದೀನಿ. ಆ ನಾಯಿ ಇನ್ಯಾರನ್ನ ಕಚ್ಚಿತ್ತು? ಹಲ್ಲು ತಾಗಿದ್ರೂ ಸರಿ, ಗೀರಿದ್ರೂ ಸರಿ. ಹೇಳಿ. ಇನ್ನೂ ಹೊತ್ತಿದೆ."

ಸೆವೆರಿನುಸರ ಕೈ ಸೊಂಟದ ಮಚ್ಚಿನ ಹಿಡಿಯ ಮೇಲಿತ್ತು. ಆಗ ಮದುಮಗಳು ತಾನೇ ನೇಯ್ದುಕೊಂಡ ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿ ಎಡಗಾಲನ್ನು ಮುಂದೆ ಚಾಚಿದಳು. ಹಿಮ್ಮಡಿಯ ಮೇಲೆ ಹಲ್ಲಿನ ಗುರುತು ಒಣಗಿ ಬೆಳ್ಳಗಾಗಿತ್ತು.

"ಇವರಿಗೆ ಕಚ್ಚಿದ ಹಿಂದಿನ ದಿನ" ಅಂದಳು ತ್ರುಡಿಸ್. "ನಮ್ಮದೇ ನಾಯಿ ಅಲ್ವಾ ಅಂತ ಯಾರಿಗೂ ಹೇಳಲಿಲ್ಲ ಅಕ್ಕ. ಹೇಳಿದ್ರೆ ಇವರಿಗೆ ಕಚ್ಚಿದ್ದೂ ದೊಡ್ಡದಾಗುತ್ತೆ, ಮದುವೆ ನಿಂತುಹೋಗುತ್ತೆ ಅಂತ."

ಮದುವೆಗೆ ಹೂ ಕಟ್ಟಿದ್ದ ಟೆಂಪೋದಲ್ಲೇ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಗಾಳಿ ಬಡಿದಾಗಲೆಲ್ಲ ಗೋರಿಸ್ ಮುಖ ಮುಚ್ಚಿಕೊಳ್ಳುತ್ತಿದ್ದ. ನೆಲಾ ಶಾಲು ಬಿಚ್ಚಿ ಅವನ ತಲೆಗೆ ಹೊದಿಸಿ ಎದೆಗೊತ್ತಿಕೊಂಡಳು. ಸೆವೆರಿನುಸ್ ಎದುರಿಗೆ ಕೂತು ನೆಲ ನೋಡುತ್ತಿದ್ದರು. ಅವರ ಮಚ್ಚು ಮನೆಯಲ್ಲೇ ಉಳಿದಿತ್ತು.

ಹೆರ್ಮಿನಾ ಹೆಚ್ಚು ಕೇಳಲಿಲ್ಲ. ತ್ರುಡಿಸಳ ಎರಡೂ ತೋಳಿಗೆ, ಕಾಲಿನ ಗಾಯದ ಸುತ್ತ ಸೂಜಿ ಹಾಕಿದಳು. "ಕಾಲು ತಲೆಯಿಂದ ದೂರ, ವಿಷ ಏರೋಕೆ ಹೊತ್ತು ಬೇಕು. ಲಕ್ಷಣ ಏನೂ ಇಲ್ಲ. ಬಾಕಿ ಸೂಜಿ ತಪ್ಪಿಸಬೇಡಮ್ಮಾ, ಉಳ್ಕೋತೀಯ" ಅಂದಳು. ತ್ರುಡಿಸ್ ಅತ್ತದ್ದು ತನಗಾಗಿಯೋ ಗಂಡನಿಗಾಗಿಯೋ ಹೇಳುವಂತಿರಲಿಲ್ಲ.

"ನಂಗೂ ಹಾಕಿ" ಅಂದ ಗೋರಿಸ್. ಅಂಗಿಯ ತೋಳು ಮಡಚಿಕೊಂಡು ಬೆಂಚಿನ ಮೇಲೆ ಕೂತಿದ್ದ. ಬೆವರಿ ತೊಯ್ದುಹೋಗಿದ್ದ. "ಹೆಂಡತಿ ಮುಂದೆ ಹೆದರಿದ್ರೆ ನಾಳೆಯಿಂದ ಮರ್ಯಾದೆ ಇರಲ್ಲ."

ಹೆರ್ಮಿನಾ ನೆಲಾಳ ಮುಖ ನೋಡಿದಳು. ನೆಲಾ ಹೂಂ ಅನ್ನುವಂತೆ ತಲೆಯಾಡಿಸಿದಳು. ಅಷ್ಟನ್ನಾದರೂ ಅವನಿಗೆ ಕೊಡಬೇಕೆನಿಸಿತು. ಗೋರಿಸ್ ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಹಿಡಿದ ಹಾಗೆಯೇ ಅಕ್ಕನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. ಸೂಜಿ ಒಳಗೆ ಹೋಗಿ ಹೊರಗೆ ಬಂತು.

ಅವನು ಒಂದು ಕಣ್ಣು ತೆರೆದ. "ಇಷ್ಟೇನಾ ಅಕ್ಕ? ಇದಕ್ಕಾ ನಾನು ಇಷ್ಟು ದಿನ ಹೆದರಿದ್ದು?"

"ಹೂಂ ಕಣೋ, ಇಷ್ಟೇ" ಅಂದಳು ನೆಲಾ, ಅವನ ತಲೆ ಸವರುತ್ತ. ಹೊರಗೆ ಜಗುಲಿಯಲ್ಲಿ ಹೆರ್ಮಿನಾ ಪಾದ್ರಿಗಳಿಗೆ ಫೋನು ಮಾಡುತ್ತಿದ್ದಳು.